ಸಾಕ್ಷಿಗೆ ಊಟ

ಶನಿವಾರ ಬೆಳಗ್ಗೆ ಎಂಟೂವರೆಗೆ ಇನ್‌ಸ್ಪೆಕ್ಟರ್ ಠಾಣೆಯ ಮೆಟ್ಟಿಲು ಹತ್ತುವಾಗಲೇ ಬೆಂಚಿನ ಮೇಲಿದ್ದ ಮುದುಕರು ಎದ್ದು ನಿಂತರು. ಕೈಯಲ್ಲಿ ಬರೆದು ತಂದ ದೂರು. ಬೆವರು ತಾಗಬಾರದೆಂದು ಅದನ್ನು ಎರಡೇ ಬೆರಳಲ್ಲಿ ಹಿಡಿದಿದ್ದರು. ಜನ್ಮವಿಡೀ ಬೇರೆಯವರ ಕಾಗದ ಹಂಚಿದ ನಿವೃತ್ತ ಅಂಚೆಯವರು ಅವರು. ತಮ್ಮದೇ ಕಾಗದ ಹಿಡಿದು ಒಂದು ಬಾಗಿಲಿಗೆ ಬಂದದ್ದು ಇದೇ ಮೊದಲು.

ಹಿಂದಿನ ಸಂಜೆ ವಿಶ್ವವಿದ್ಯಾಲಯದ ಸಂಶೋಧನಾ ಕಟ್ಟಡದ ತಾರಸಿಯಿಂದ ಬಿದ್ದು ಸತ್ತವಳು ಇವರ ಒಬ್ಬಳೇ ಮಗಳು. ಇಪ್ಪತ್ತೊಂಬತ್ತು ವಯಸ್ಸು. ಜೀವಕೋಶಗಳನ್ನು ಬೆಳೆಸುವ ಪ್ರಯೋಗಾಲಯದಲ್ಲಿ ಫೆಲೋಶಿಪ್ ಮೇಲೆ ಸಂಶೋಧನೆ ಮಾಡುತ್ತಿದ್ದಳು. ರಾತ್ರಿಯೇ ಅಸಹಜ ಸಾವಿನ ಪ್ರಕರಣ ದಾಖಲಾಗಿತ್ತು. ಆತ್ಮಹತ್ಯೆ ಎಂಬ ಮಾತನ್ನು ಪೊಲೀಸರು ಇನ್ನೂ ಆಡಿರಲಿಲ್ಲ. ವಿಶ್ವವಿದ್ಯಾಲಯದವರು ಆಡಿ, ಪತ್ರಿಕೆಯವರಿಗೂ ಹೇಳಿ, ಸಂತಾಪ ಸಭೆಗೆ ದಿನವನ್ನೂ ಗೊತ್ತು ಮಾಡಿದ್ದರು. ಹೆಣ ಇನ್ನೂ ಶವಾಗಾರದಲ್ಲಿತ್ತು.

ದೂರಿನಲ್ಲಿ ಮೂರೇ ಸಾಲು. ಮಗಳು ತಾನಾಗಿ ಸಾಯುವವಳಲ್ಲ, ಸಾವಿನಲ್ಲಿ ಅನುಮಾನವಿದೆ, ತನಿಖೆ ನಡೆಸಬೇಕು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ಯಾರ ಮೇಲೂ ಇಲ್ಲ ಸಾರ್."

"ಮತ್ತೆ ಇದು?"

ಮುದುಕರು ಮೇಜಿನ ಅಂಚನ್ನು ಹಿಡಿದುಕೊಂಡರು. "ನಿನ್ನೆ ಬೆಳಗ್ಗೆ ನನ್ನ ಹೆಂಡ್ತಿ ಫೋನಲ್ಲಿ ಅವಳ ಹತ್ರ ಜಗಳ ಆಡಿದ್ಲು. ವರ್ಷ ವರ್ಷ ಅವರಿವರ ಬಾಗಿಲು ಕಾಯೋ ಫೆಲೋಶಿಪ್ಪು ಸಾಕು, ಬಿಟ್ಟು ಬಾ, ಯಾವ್ದಾದ್ರೂ ಸ್ಕೂಲಿಗೆ ಸೇರ್ಕೋ ಅಂದ್ಲು. ಸ್ವಲ್ಪ ಜೋರಾಗೇ ಅಂದ್ಲು. ರಾತ್ರಿ ಸುದ್ದಿ ಬಂದಾಗಿಂದ ಗೋಡೆಗೆ ತಲೆ ಕೊಟ್ಟು ಕೂತಿದಾಳೆ. ನಾನೇ ತಳ್ದೆ, ನಾನೇ ತಳ್ದೆ ಅಂತಿದಾಳೆ. ಪುಟ್ಟಿ ಅಂತೂ ಹೋದ್ಲು ಸಾರ್. ಅವಳಾಗೇ ಸತ್ಲು ಅಂತ ನೀವು ಬರೆದ್ರೆ, ಇವಳೂ ಉಳಿಯಲ್ಲ."

ಇನ್‌ಸ್ಪೆಕ್ಟರಿಗೆ ಇಂಥ ಅಪ್ಪಂದಿರು ಹೊಸಬರಲ್ಲ. ಮಗಳು ತಾನಾಗಿ ಸತ್ತಳೆಂದು ಯಾವ ಅಪ್ಪ ಒಪ್ಪುತ್ತಾನೆ? ಒಪ್ಪಿಕೊಂಡರೆ ಉಳಿದ ಆಯುಸ್ಸು ಕಳೆಯುವುದು ಹೇಗೆ? ದೂರು ತೆಗೆದುಕೊಂಡು, ಹಿಂಬರಹ ಕೊಟ್ಟು, ಅವರನ್ನು ಜೀಪಿನಲ್ಲಿ ಮನೆಗೆ ಬಿಟ್ಟುಬರಲು ಪೇದೆಯೊಬ್ಬನಿಗೆ ಹೇಳಿದರು.

ಆಮೇಲೆ ಮಹಿಳಾ ಮುಖ್ಯಪೇದೆ ರಾತ್ರಿ ವಶಪಡಿಸಿಕೊಂಡ ವಸ್ತುಗಳ ಲಕೋಟೆಯನ್ನು ಮೇಜಿನ ಮೇಲೆ ಬಿಚ್ಚಿದಳು. ಒಂದು ಮೊಬೈಲು, ಗುರುತಿನ ಚೀಟಿ, ಅಂಗೈಯಲ್ಲಿ ಹಿಡಿಸುವ ಒಂದು ಬಿಳಿ ಡಬ್ಬಿ.

"ಇದೇನು?"

"ಟೈಮರ್ ಸಾರ್. ಅವಳು ಹಾಕ್ಕೊಂಡಿದ್ದ ಬಿಳಿ ಕೋಟಿನ ಜೇಬಲ್ಲಿತ್ತು. ಇದು ಹೊಡ್ಕೊಂಡಿದ್ದಕ್ಕೇ ಗಾರ್ಡಿಗೆ ಹೆಣ ಸಿಕ್ಕಿದ್ದು. ಏಳು ಗಂಟೆ ಮೇಲೆ ಕಟ್ಟಡದ ಹಿಂದೆ, ಪೊದೆ ಒಳಗಿಂದ ಕುಂಯ್ ಕುಂಯ್ ಅಂತಿತ್ತಂತೆ. ಯಾರೋ ಫೋನ್ ಬೀಳಿಸ್ಕೊಂಡಿದಾರೆ ಅಂತ ಹೋಗಿ ನೋಡಿದ್ನಂತೆ."

"ಎಷ್ಟು ಹೊತ್ತಿಗೆ ಇಟ್ಟಿದ್ದು?"

"ನಲವತ್ತು ನಿಮಿಷಕ್ಕೆ. ಏನೋ ಪ್ರಯೋಗ ಅರ್ಧದಲ್ಲಿತ್ತಂತೆ."

ಇನ್‌ಸ್ಪೆಕ್ಟರ್ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಸಾಯೋಕೆ ಹೊರಟವಳು ಅಲಾರಂ ಇಟ್ಕೊಂಡು ಹೋಗ್ತಾಳಾ?"

"ಒಲೆ ಮೇಲೆ ಏನಾದ್ರೂ ಇಟ್ಟು ಮಹಡಿಗೆ ಹೋದ್ರೆ ನಾನೂ ಇಟ್ಕೋತೀನಿ ಸಾರ್," ಎಂದಳು ಮುಖ್ಯಪೇದೆ. "ವಾಪಸ್ ಬರೋದಿದ್ರೆ."

ಹತ್ತೂವರೆಗೆ ಇಬ್ಬರೂ ತಾರಸಿಯ ಮೇಲಿದ್ದರು. ಪಂಚರಾಗಿ ಬಂದವರು ಗ್ರಂಥಾಲಯದ ಗುಮಾಸ್ತ ಮತ್ತು ಎಲೆಕ್ಟ್ರಿಷಿಯನ್. ನೀರಿನ ಟ್ಯಾಂಕುಗಳು, ಮುರಿದ ಎರಡು ಕುರ್ಚಿ, ಸಿಗರೇಟಿನ ತುಂಡುಗಳು ತುಂಬಿದ ಒಂದು ಡಬ್ಬ. ಪೂರ್ವದ ಮೂಲೆಯಲ್ಲಿ ಮೋಟುಗೋಡೆ ಮೊಣಕಾಲಿಗಿಂತ ತುಸುವೇ ಎತ್ತರ. ಪ್ರಯೋಗಾಲಯದವರು ಚಹಾ ಹಿಡಿದು ಬಂದು ಅದರ ಮೇಲೇ ಕೂರುತ್ತಾರೆಂದು ಎಲೆಕ್ಟ್ರಿಷಿಯನ್ ಹೇಳಿದ. ಅಪಾಯ ಎಂದು ಬರೆದ ಫಲಕವೂ ಅಲ್ಲೇ ಇತ್ತು, ಅದರ ಮೊಳೆಗೆ ಯಾರೋ ಟವೆಲ್ ಒಣಹಾಕಿದ್ದರು. ಮುಂದಿನ ಮೆಟ್ಟಿಲಲ್ಲದೆ, ಬೆಂಕಿ ಬಿದ್ದರೆ ಇಳಿದು ಓಡಲೆಂದು ಕಟ್ಟಿದ ಕಬ್ಬಿಣದ ಮೆಟ್ಟಿಲೊಂದು ಹಿಂಬದಿಯಿಂದ ತಾರಸಿಗೆ ಬರುತ್ತಿತ್ತು. ಮುಂಬಾಗಿಲಲ್ಲಿ ಕ್ಯಾಮೆರಾ ಇತ್ತು, ಹಿಂಬದಿಯಲ್ಲಿ ಇರಲಿಲ್ಲ. ಎಳೆದಾಟದ ಗುರುತು ಏನೂ ಕಾಣಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಪಂಚನಾಮೆಯಲ್ಲಿ ಬರೆಸಿ, ಸಹಿ ಹಾಕಿಸಿಕೊಂಡು, ಕೆಳಗಿಳಿದರು. ಇಳಿಯುವಾಗ ಇನ್‌ಸ್ಪೆಕ್ಟರರ ಮಂಡಿ ಎಂದಿನಂತೆ ಗೊಣಗಿತು.

ರಿಜಿಸ್ಟ್ರಾರರ ಕೋಣೆ ತಣ್ಣಗಿತ್ತು. ಅವರೂ ತಣ್ಣಗಿದ್ದರು.

"ಈಗಿನ ಹುಡುಗರಿಗೆ ಮನಸ್ಸು ಗಟ್ಟಿ ಇಲ್ಲ. ಈ ತಿಂಗಳ ಕೊನೆಗೆ ಆಕೆಯ ಫೆಲೋಶಿಪ್ ಮುಗೀತಿತ್ತು. ಮುಂದುವರಿಕೆ ಬಂದಿರಲಿಲ್ಲ."

"ಬಂದಿರಲಿಲ್ಲವೋ, ನೀವು ಕೊಟ್ಟಿರಲಿಲ್ಲವೋ?"

"ಸಮಿತಿ ಸೇರಬೇಕಿತ್ತು."

"ಯಾವಾಗ?"

"ಮುಂದಿನ ವಾರ."

"ಇಲ್ಲ ಅಂತ ಅವಳಿಗೆ ಯಾರಾದ್ರೂ ಹೇಳಿದ್ರಾ?"

"ಇಲ್ಲ, ಹೇಗೆ ಹೇಳ್ತಾರೆ, ಸಮಿತಿ ಇನ್ನೂ ಸೇರಿಲ್ಲವಲ್ಲ."

"ಹಾಗಾದ್ರೆ ಇನ್ನೂ ಬಾರದ ಉತ್ತರಕ್ಕೆ ಸತ್ಲು ಅಂತೀರಿ."

ರಿಜಿಸ್ಟ್ರಾರ್ ಗಡಿಯಾರ ನೋಡಿದರು. ಮಧ್ಯಾಹ್ನದೊಳಗೆ ಮೇಲಧಿಕಾರಿಯಿಂದ ಇನ್‌ಸ್ಪೆಕ್ಟರಿಗೆ ಫೋನು ಬಂತು. ದೊಡ್ಡವರ ಜಾಗ, ಸುಮ್ಮನೆ ಹುತ್ತಕ್ಕೆ ಕೈ ಹಾಕಬೇಡಿ, ಬೇಗ ಮುಗಿಸಿ ಎಂದು ಸಲಹೆ. ಇನ್‌ಸ್ಪೆಕ್ಟರ್ ಆಗಲಿ ಸಾರ್ ಎಂದರು. ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರು ಬಿಟ್ಟುಹೋಗಿ ವರ್ಷಗಳೇ ಆಗಿದ್ದವು. ಇನ್ನು ಕಳೆದುಕೊಳ್ಳುವುದೇನೂ ಇಲ್ಲದವನಿಗೆ ಹುತ್ತವೂ ಒಂದೇ, ಹಿತ್ತಲೂ ಒಂದೇ.

ಪ್ರಯೋಗಾಲಯದಲ್ಲಿ ಸತ್ತವಳನ್ನು ಬಿಟ್ಟರೆ ಮೂವರೇ. ಅವರ ಹೇಳಿಕೆಗಳನ್ನು ವಿಭಾಗದ ಕಚೇರಿಯಲ್ಲೇ ತೆಗೆದುಕೊಂಡರು. ಪ್ರಯೋಗಾಲಯಕ್ಕೆ ಶುಕ್ರವಾರ ರಾತ್ರಿಯೇ ಪ್ರೊಫೆಸರ್ ಬೀಗ ಹಾಕಿದ್ದರು, ಪೊಲೀಸರು ನೋಡುವ ತನಕ ಯಾರೂ ಒಳಗೆ ಕಾಲಿಡಬಾರದೆಂದು ಎಲ್ಲರಿಗೂ ತಿಳಿಸಿದ್ದರು.

ಪ್ರೊಫೆಸರ್ ಹೆಚ್ಚು ಹೇಳಲಿಲ್ಲ. ಶುಕ್ರವಾರವಿಡೀ ಅವರು ಬೇರೆ ಊರಿನ ಸಭೆಯಲ್ಲಿದ್ದರು, ರಾತ್ರಿ ಒಂಬತ್ತಕ್ಕೆ ವಾಪಸು ಬಂದಿದ್ದರು. ಹುಡುಗಿ ಚುರುಕು, ಮುಂದುವರಿಕೆಗೆ ತಾವೇ ಶಿಫಾರಸು ಮಾಡಿದ್ದಾಗಿ ಹೇಳಿದರು. ಅದನ್ನು ರಿಜಿಸ್ಟ್ರಾರ್ ಹೇಳಿರಲಿಲ್ಲ.

ಎರಡನೆಯವನು ಅವಳ ಜೊತೆಯ ಸಂಶೋಧಕ. ದಪ್ಪ ಕನ್ನಡಕದಿಂದಾಗಿ ಅವನಿಗೆ ಎಲ್ಲರೂ ಸೋಡಾಬುಡ್ಡಿ ಎನ್ನುತ್ತಿದ್ದರು, ಕೇಳಿದ್ದಕ್ಕೆ ಅವನೂ ಅದೇ ಹೆಸರು ಹೇಳಿ ನಾಲಿಗೆ ಕಚ್ಚಿಕೊಂಡ. ಶುಕ್ರವಾರ ನಾಲ್ಕಕ್ಕೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದ. ಎಲ್ಲದಕ್ಕೂ ಒಂದೊಂದೇ ಮಾತಿನ ಉತ್ತರ. ಹೇಳುವುದೇನೋ ಇದೆ, ಬಾಯಿಗೆ ಬೀಗ ಬಿದ್ದಿದೆ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು.

"ನಿಮ್ಮದೂ ಫೆಲೋಶಿಪ್ಪೇ?"

"ಹೌದು ಸಾರ್. ಇಲ್ಲಿ ಖಾಯಂ ಆಗಿರೋದು ಪ್ರೊಫೆಸರ್ರು ಮತ್ತು ಫ್ರಿಜ್ಜು, ಇಬ್ಬರೇ."

ಮೂರನೆಯವಳು, ಎಲ್ಲರ ಬಾಯಲ್ಲೂ ದೊಡ್ಡಕ್ಕ. ನಲವತ್ತು ದಾಟಿದ ಹೆಂಗಸು, ಹದಿನಾರು ವರ್ಷದಿಂದ ಅದೇ ಪ್ರಯೋಗಾಲಯ. ಒಂದು ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತಿತ್ತು, ಇನ್ನೊಂದು ಯೋಜನೆ ಬಂದರೆ ಹೊಸದಾಗಿ ನೇಮಕ. ಬಂದ ಪ್ರತಿ ಹುಡುಗ ಹುಡುಗಿಗೂ ಕೆಲಸ ಕಲಿಸಿದವಳು ಅವಳೇ. ಕಲಿತವರು ಡಾಕ್ಟರೇಟ್ ಪಡೆದು ಎಲ್ಲೆಲ್ಲೋ ಪ್ರೊಫೆಸರಾದರು, ಅವಳು ದೊಡ್ಡಕ್ಕನಾಗಿ ಉಳಿದಳು. ಈಗ ಮೊದಲ ಬಾರಿಗೆ ಅವಳಿಗೊಂದು ಖಾಯಂ ಹುದ್ದೆಯ ಸಂದರ್ಶನ ಬಂದಿತ್ತು. ವಯಸ್ಸಿನ ಮಿತಿಯ ಪ್ರಕಾರ ಅದೇ ಕೊನೆಯದೂ ಆಗಿತ್ತು. ಇದನ್ನೆಲ್ಲ ಹೇಳಿದ್ದು ಕಚೇರಿಯ ಗುಮಾಸ್ತ. ದೊಡ್ಡಕ್ಕ ತನ್ನ ಬಗ್ಗೆ ಏನೂ ಹೇಳಲಿಲ್ಲ. ಸ್ಪಿರಿಟ್ಟಿನಲ್ಲಿ ತೊಳೆದು ತೊಳೆದು ಬಿರುಕು ಬಿಟ್ಟ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತಳು. ಅದು ನಾಟಕದ ಅಳುವಾಗಿರಲಿಲ್ಲ. ಮುಖ್ಯಪೇದೆ ಎದ್ದು ಅವಳ ಬೆನ್ನು ಸವರಿದಳು.

"ಶುಕ್ರವಾರ ಎಷ್ಟು ಹೊತ್ತಿಗೆ ಹೋದ್ರಿ?"

"ಐದಕ್ಕೆ. ಗೇಟಲ್ಲಿ ಸಹಿ ಇದೆ."

"ಆರೂವರೆಗೆ ಅವಳಿಗೆ ಫೋನ್ ಮಾಡಿದೀರಿ."

"ಮನೆಯಿಂದ ಮಾಡಿದ್ದು. ಗ್ಯಾಸ್ ಸಿಲಿಂಡರ್ ಮುಚ್ಚಿ ಹೋಗು ಅಂತ ನೆನಪಿಸೋಕೆ. ಮಾತು ಸಪ್ಪಗಿತ್ತು ಸಾರ್. ಆಗಲೇ ನನಗೆ ಗೊತ್ತಾಗ್ಬೇಕಿತ್ತು."

"ಆಮೇಲೆ ಇಲ್ಲಿಗೆ ಬಂದ್ರಾ?"

"ಇಲ್ಲ. ಹೇಳಿಕೆ ಕೊಡೋಕೆ ಇವತ್ತು ಬಂದಿದ್ದೇ."

"ಪ್ರಯೋಗಾಲಯದ ಕೀಲಿ?"

"ಎರಡಿವೆ. ಒಂದು ಸರ್ ಹತ್ರ, ಒಂದು ನನ್ನ ಹತ್ರ."

ಭಾನುವಾರ ಶವಪರೀಕ್ಷೆ ಆಯಿತು. ಪೆಟ್ಟು ಬಿದ್ದದ್ದು ತಲೆಯ ಹಿಂಭಾಗ, ಬೆನ್ನು, ಸೊಂಟಕ್ಕೆ. ಮೈಯ ಮುಂಭಾಗದಲ್ಲಿ ಒಂದು ಗೀರೂ ಇಲ್ಲ.

"ಬೆನ್ನು ಮಾಡಿ ಬಿದ್ದಿದಾಳೆ," ಎಂದರು ಡಾಕ್ಟರು. "ಹಾರೋರು ಹಾಗೆ ಬೀಳೋದು ಕಮ್ಮಿ. ಬೀಳೋದೇ ಇಲ್ಲ ಅಂತ ಬರೆದುಕೊಡು ಅಂದ್ರೆ ಬರೆಯಲ್ಲ."

"ಗೋಡೆ ಮೇಲೆ ಕೂತಿದ್ರೆ?"

"ಕೂತು ಆಯ ತಪ್ಪಿದ್ರೆ ಹೀಗೇ ಬೀಳ್ತಾಳೆ. ಯಾರಾದ್ರೂ ಆಯ ತಪ್ಪಿಸಿದ್ರೂ ಹೀಗೇ. ಅದನ್ನ ಹೆಣ ಹೇಳಲ್ಲ, ನೀವೇ ಹುಡುಕ್ಬೇಕು."

ಸಂಜೆ ಅಪ್ಪನಿಗೆ ಹೆಣ ಒಪ್ಪಿಸಿದರು. ತಾಯಿ ಬಂದಿರಲಿಲ್ಲ. ಕರೆದರೆ, ನನ್ನ ಮುಖ ಅವಳಿಗೆ ತೋರಿಸಲಾರೆ ಅಂದರಂತೆ.

ಸೋಮವಾರ ಬೆಳಗ್ಗೆ ಪಂಚರ ಎದುರಿಗೆ ಪ್ರೊಫೆಸರ್ ಪ್ರಯೋಗಾಲಯದ ಬೀಗ ತೆಗೆದರು. ಉದ್ದನೆಯ ಕೋಣೆ, ಎರಡೂ ಬದಿಗೆ ಕಲ್ಲಿನ ಮೇಜು, ಎಲ್ಲದರ ಮೇಲೂ ಹೆಸರು ಮತ್ತು ತಾರೀಕಿನ ಚೀಟಿ. ಸತ್ತವಳ ಜಾಗದಲ್ಲಿ ಅರ್ಧಕ್ಕೆ ನಿಂತ ಕೆಲಸ ಹಾಗೇ ಇತ್ತು. ಮುಖ್ಯಪೇದೆ ಒಂದೊಂದನ್ನೇ ಹೇಳುತ್ತ ಹೋದಳು, ಪೇದೆ ಬರೆದುಕೊಂಡ. ಸೋಡಾಬುಡ್ಡಿಯನ್ನು ಜೊತೆಗಿಟ್ಟುಕೊಂಡಿದ್ದರು, ಯಾವ ವಸ್ತು ಯಾವುದಕ್ಕೆಂದು ಹೇಳಲು ಒಬ್ಬರು ಬೇಕಲ್ಲ.

ಮೂಲೆಯಲ್ಲಿ ಬೀರುವಿನಂಥದೊಂದು ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಕೋಶಗಳು ಮೈಯ ಬಿಸಿಯಲ್ಲಿ ಬೆಳೆಯುವ ಇನ್‌ಕ್ಯುಬೇಟರ್ ಅದು. ಬಾಗಿಲು ತೆಗೆದರೆ ಒಳಗೆ ಎರಡು ಅಡ್ಡ ಹಲಗೆ, ಅವುಗಳ ಮೇಲೆ ಚಪ್ಪಟೆ ಪ್ಲಾಸ್ಟಿಕ್ ಸೀಸೆಗಳು. ಪ್ರತಿ ಸೀಸೆಯಲ್ಲೂ ಒಂದೆರಡು ಚಮಚದಷ್ಟು ದ್ರವ. ಮೇಲಿನ ಹಲಗೆಯ ಸೀಸೆಗಳಲ್ಲಿ ಹಳದಿ. ಕೆಳಗಿನ ಹಲಗೆಯಲ್ಲಿ ಕೆಂಪು.

"ಇವೆರಡೂ ಬೇರೆ ಬೇರೆ ಔಷಧವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಅಲ್ಲ ಸಾರ್, ಒಂದೇ. ಅದು ಕೋಶಗಳ ಊಟ. ಹೊಸದಾಗಿ ಹಾಕಿದಾಗ ಕೆಂಪಗಿರುತ್ತೆ. ತಿಂದು ಮುಗಿಸ್ತಾ ಹಳದಿ ಆಗುತ್ತೆ. ಎರಡು ದಿನಕ್ಕೊಮ್ಮೆ ಹಳೇದು ತೆಗೆದು ಹೊಸದು ಹಾಕ್ಬೇಕು, ಇಲ್ಲಾಂದ್ರೆ ಸಾಯ್ತವೆ."

"ಯಾರ ಕೆಲಸ?"

"ಅವಳದೇ. ಎರಡೂ ಸಾಲು ಅವಳೇ ನೋಡ್ಕೋತಿದ್ಲು. ಶುಕ್ರವಾರ ಬೆಳಗ್ಗೆ ಎಲ್ಲಕ್ಕೂ ಹಾಕಿದ್ಲು, ನಾನೇ ಪಕ್ಕದಲ್ಲಿದ್ದೆ. ಪಾಪ, ಮೇಲಿನವು ಸತ್ತಿವೆ ಅನ್ಸುತ್ತೆ, ಕೆಳಗಿನವು…"

ಸೋಡಾಬುಡ್ಡಿ ಮಾತು ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡ.

"ಕೆಳಗಿನವು?" ಎಂದರು ಇನ್‌ಸ್ಪೆಕ್ಟರ್.

"ಇವೂ ಹಳದಿ ಆಗ್ಬೇಕಿತ್ತು ಸಾರ್. ಇವು ಇನ್ನೂ ಬೇಗ ಬೆಳೆಯೋ ಜಾತಿ."

"ಶುಕ್ರವಾರ ಹಾಕಿದ್ದು ಇವತ್ತಿಗೆ ಹೀಗೆ ಕೆಂಪಗೆ ಉಳಿಯುತ್ತಾ?"

"ಸಾಧ್ಯವೇ ಇಲ್ಲ. ನಿನ್ನೆ ಯಾರೋ ಹಾಕಿದಾರೆ."

ಪ್ರೊಫೆಸರ್ ಬಗ್ಗಿ ನೋಡಿದರು, ಅವರ ಮುಖದ ಬಣ್ಣವೂ ಬದಲಾಗಿತ್ತು. ತಾವಂತೂ ಅಲ್ಲ, ತಾವು ಪಿಪೆಟ್ ಹಿಡಿದು ಹತ್ತು ವರ್ಷವಾಯಿತು ಎಂದರು. ಅದು ನಿಜವೆಂದು ಸೋಡಾಬುಡ್ಡಿಯ ಮುಖವೇ ಹೇಳುತ್ತಿತ್ತು. ಅವರ ಭಾನುವಾರದ ಲೆಕ್ಕ ಪೊಲೀಸರ ಹತ್ತಿರವೇ ಇತ್ತು, ಹಗಲಿಡೀ ಶವಾಗಾರದ ಜಗಲಿಯಲ್ಲಿ ಅಪ್ಪನ ಪಕ್ಕದಲ್ಲೇ ನಿಂತಿದ್ದರು.

"ಮೇಲಿನ ಸಾಲು ಯಾವುದು?" ಇನ್‌ಸ್ಪೆಕ್ಟರ್ ಕೇಳಿದರು.

"ಅವಳ ಸ್ವಂತದ್ದು ಸಾರ್. ಎರಡು ವರ್ಷದಿಂದ ಬೆಳೆಸ್ತಿದ್ದಿದ್ದು."

"ಕೆಳಗಿನದು?"

"ದೊಡ್ಡಕ್ಕನ ಕೋಶ."

ಮುಖ್ಯಪೇದೆ ಇನ್‌ಸ್ಪೆಕ್ಟರರ ಕಡೆ ನೋಡಿದಳು. ಎರಡೂ ಸಾಲು ಒಂದೇ ಪೆಟ್ಟಿಗೆಯಲ್ಲಿ, ಒಂದರ ಕೆಳಗೊಂದು ಇದ್ದವು. ಬಂದವರು ಸತ್ತವಳ ಮೇಲಿನ ಅಕ್ಕರೆಯಿಂದ ಬಂದಿದ್ದರೆ ಅವಳ ಸಾಲನ್ನು ಹಸಿದು ಸಾಯಲು ಬಿಡುತ್ತಿರಲಿಲ್ಲ. ಹೆಣ ಇನ್ನೂ ಶವಾಗಾರದಲ್ಲಿದ್ದಾಗ ಕಳ್ಳನಂತೆ ಬಂದು, ಒಂದು ಸಾಲಿಗೆ ಮಾತ್ರ ಉಣಿಸಿ, ಯಾರಿಗೂ ಹೇಳದೆ ಹೋಗುವವರು ಯಾರು? ಸೀಸೆಗಳನ್ನು ವಶಪಡಿಸಿಕೊಂಡು ಪಂಚನಾಮೆಗೆ ಸಹಿ ಹಾಕಿಸಿದರು. ಅವುಗಳನ್ನು ಬದುಕಿಸಿ ಇಡಬೇಕೋ ಸಾಯಲು ಬಿಡಬೇಕೋ ಎಂಬುದಕ್ಕೆ ಪೊಲೀಸ್ ಕೈಪಿಡಿಯಲ್ಲಿ ನಿಯಮ ಇರಲಿಲ್ಲ. ಫೊರೆನ್ಸಿಕ್ ಪ್ರಯೋಗಾಲಯಕ್ಕೆ ಕೇಳಿ ನೋಡು ಎಂದು ಇನ್‌ಸ್ಪೆಕ್ಟರ್ ಪೇದೆಗೆ ಹೇಳಿದರು.

ಹೊರಗೆ, ಸೈಕಲ್ ನಿಲ್ಲಿಸುವ ಜಾಗದಲ್ಲಿ, ಸೋಡಾಬುಡ್ಡಿಯ ಬಾಯಿಯ ಬೀಗ ಕೊನೆಗೂ ಬಿಚ್ಚಿತು.

"ನನ್ನ ಫೆಲೋಶಿಪ್ಪೂ ಅದೇ ಸಮಿತಿ ಮುಂದೆ ಇದೆ ಸಾರ್. ಲ್ಯಾಬಿನ ವಿಷಯ ಹೊರಗೆ ಆಡಬಾರ್ದು ಅಂತ ಹೇಳಿದಾರೆ."

"ಅವಳ ಅಮ್ಮ ತಾನೇ ಮಗಳನ್ನ ಕೊಂದೆ ಅಂತ ಗೋಡೆಗೆ ತಲೆ ಕೊಟ್ಟು ಕೂತಿದಾರೆ," ಎಂದರು ಇನ್‌ಸ್ಪೆಕ್ಟರ್. "ಈಗ ಹೇಳಿ."

ಅವನು ಹೇಳಿದ. ಅಪರೂಪದ ಕಾಯಿಲೆಯ ರೋಗಿಯೊಬ್ಬನಿಂದ ಕೋಶಗಳನ್ನು ತೆಗೆದು, ಸಾಯದ ಹಾಗೆ ಬೆಳೆಸಿದ್ದು ದೊಡ್ಡಕ್ಕ. ಅಂಥ ಕೋಶ ಬೇರೆ ಯಾವ ದೇಶದಲ್ಲೂ ಇಲ್ಲವೆಂದು ಹೆಸರು ಬಂತು. ಅದರ ಮೇಲೆ ಪ್ರಬಂಧಗಳು ಬಂದವು, ಈ ಪ್ರಯೋಗಾಲಯಕ್ಕೆ ಯೋಜನೆಗಳು ಬಂದವು. ಹಬ್ಬ ಹುಣ್ಣಿಮೆ ನೋಡದೆ, ತಂಗಿಯ ಮದುವೆಯ ದಿನವೂ ಬಂದು ದೊಡ್ಡಕ್ಕ ಅವಕ್ಕೆ ಊಟ ಹಾಕಿ ಹೋಗಿದ್ದಳು. ಕೆಲವು ತಿಂಗಳಿಂದ ಆ ಕೋಶಗಳ ಮೇಲೆ ಕೆಲಸ ಮಾಡುತ್ತಿದ್ದ ಹುಡುಗಿಗೆ ಫಲಿತಾಂಶ ಯಾಕೋ ತಾಳೆ ಆಗಲಿಲ್ಲ. ಅವುಗಳ ಡಿಎನ್‌ಎ ನೋಡಲು ಹೊರಗೆ ಕಳಿಸಿದಳು. ಶುಕ್ರವಾರ ಮಧ್ಯಾಹ್ನ ಉತ್ತರ ಬಂತು.

"ಏನಂತ?"

"ಅವು ಆ ರೋಗಿಯವೇ ಅಲ್ಲ ಸಾರ್. ಎಲ್ಲಾ ಲ್ಯಾಬಲ್ಲೂ ಸಿಗೋ ಒಂದು ಮಾಮೂಲಿ ಜಾತಿ, ಬಹಳ ಬೇಗ ಬೆಳೆಯುತ್ತೆ. ಯಾವತ್ತೋ ಒಂದು ತೊಟ್ಟು ಅದರಲ್ಲಿ ಬಿದ್ದಿರ್ಬೇಕು. ಕಾಗೆ ಗೂಡಲ್ಲಿ ಕೋಗಿಲೆ ಮೊಟ್ಟೆ ಇಟ್ಟ ಹಾಗೆ. ಅಸಲಿದು ಯಾವಾಗಲೋ ಸತ್ತಿದೆ. ಈ ವರ್ಷಗಳಲ್ಲಿ ದೊಡ್ಡಕ್ಕ ಸಾಕಿದ್ದು ಕೋಗಿಲೇನ."

"ಪ್ರೊಫೆಸರಿಗೆ ಗೊತ್ತಾ?"

"ಇನ್ನೂ ಇಲ್ಲ. ಯಾರಿಗೂ ಹೇಳ್ಬೇಡ ಕಣೋ, ಮೊದ್ಲು ದೊಡ್ಡಕ್ಕನಿಗೆ ಹೇಳ್ಬೇಕು, ನಾಳೆ ಸರ್‌ಗೆ ಹೇಳ್ತೀನಿ ಅಂದ್ಲು. ನಾನು ಹಲ್ಲಿನ ಡಾಕ್ಟರ ಹತ್ರ ಹೋದೆ."

ಅವನು ಅಳತೊಡಗಿದ. ಅಳುವಾಗ ಕನ್ನಡಕ ತೆಗೆಯುವುದೂ ಅವನಿಗೆ ನೆನಪಾಗಲಿಲ್ಲ.

ಅಂದೇ ಸಂಜೆ ಅಸಹಜ ಸಾವಿನ ಪ್ರಕರಣ ಕೊಲೆ ಪ್ರಕರಣವಾಗಿ ಬದಲಾಗಿ, ಎಫ್‌ಐಆರ್ ದಾಖಲಾಯಿತು. ಮರುದಿನ ಬೆಳಗ್ಗೆ ಮೊಬೈಲ್ ಕರೆಗಳ ವಿವರ ಬಂತು. ದೊಡ್ಡಕ್ಕ ಶುಕ್ರವಾರ ಆ ಫೋನ್ ಮಾಡಿದ್ದು ಮನೆಯಿಂದಲ್ಲ, ವಿಶ್ವವಿದ್ಯಾಲಯದ ಪಕ್ಕದ ಟವರಿನಿಂದ. ಹಾಸ್ಟೆಲ್ ಹಿಂದಿನ ಸಣ್ಣ ಗೇಟಿನ ಕಾವಲುಗಾರನೂ ಅವಳನ್ನು ಗುರುತಿಸಿದ. ಶುಕ್ರವಾರ ಸಂಜೆ ನೋಡಿದ್ದ, ಭಾನುವಾರ ಮಧ್ಯಾಹ್ನವೂ ನೋಡಿದ್ದ. ಯಾಕಪ್ಪಾ ಮೊದಲೇ ಹೇಳಲಿಲ್ಲ ಎಂದರೆ, ಯಾರೂ ಕೇಳಲೇ ಇಲ್ಲವಲ್ಲ ಸಾರ್ ಎಂದ.

ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ಮಂಗಳವಾರ ಮಧ್ಯಾಹ್ನವೇ ದೊಡ್ಡಕ್ಕನನ್ನು ಠಾಣೆಗೆ ಕರೆಸಿದರು. ಮುಖ್ಯಪೇದೆ ಪಕ್ಕದಲ್ಲಿ ಕೂತಳು. ಪೊಲೀಸರ ಮುಂದೆ ಆಡಿದ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲವೆಂದು ಇನ್‌ಸ್ಪೆಕ್ಟರಿಗೆ ಗೊತ್ತಿತ್ತು. ಆದರೂ ಕೇಳಬೇಕಿತ್ತು. ನ್ಯಾಯಾಲಯಕ್ಕಲ್ಲದೆ ಇನ್ನೊಂದು ಮನೆಗೂ ಅವರು ಉತ್ತರ ಕೊಡಬೇಕಾಗಿತ್ತು.

"ಶುಕ್ರವಾರ ಆರೂವರೆಗೆ ಎಲ್ಲಿದ್ರಿ?"

"ಮನೇಲಿ."

"ಫೋನು ಬೇರೆ ಕಡೆ ಇತ್ತಲ್ಲ."

ದೊಡ್ಡಕ್ಕ ಮೇಜಿನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿದಳು.

"ಭಾನುವಾರ ಲ್ಯಾಬಿಗೆ ಯಾಕೆ ಹೋಗಿದ್ರಿ?"

"ಹೋಗಿಲ್ಲ."

"ಹೋಗಿದ್ರಿ. ಕೆಳಗಿನ ಸಾಲಿಗೆ ಊಟ ಹಾಕಿದೀರಿ. ಆ ಸೀಸೆಗಳೇ ನಿಮ್ಮ ವಿರುದ್ಧ ಇದ್ದ ಸಾಕ್ಷಿ ಅಲ್ವಾ? ಸಿಂಕಿಗೆ ಚೆಲ್ಲಿಬಿಟ್ಟಿದ್ರೆ ನಮಗೆ ಏನೂ ತಿಳೀತಿರ್ಲಿಲ್ಲ. ಸಾಕ್ಷಿ ನಾಶ ಮಾಡೋರನ್ನ ಬೇಕಾದಷ್ಟು ನೋಡಿದೀನಿ. ಸಾಕ್ಷಿಗೆ ಊಟ ಹಾಕಿದವರನ್ನ ನೋಡಿದ್ದು ಇದೇ ಮೊದಲು."

ದೊಡ್ಡಕ್ಕ ತನ್ನ ಬಿರುಕು ಕೈಗಳನ್ನು ನೋಡಿಕೊಂಡಳು.

"ಚೆಲ್ಲೋಕೇ ಹೋಗಿದ್ದು," ಎಂದಳು. "ಮುಚ್ಚಳಾನೂ ತೆಗೆದೆ. ಎಲ್ಲಾ ಹಸಿದು ಹಳದಿ ತಿರುಗ್ತಿದ್ವು. ಕೈ ತಾನಾಗೇ ಊಟ ಹಾಕಿಬಿಡ್ತು."

"ಮೇಲಿನ ಸಾಲು?"

"ಅದರ ಕಡೆ ನೋಡಲಿಲ್ಲ. ನೋಡೋಕಾಗ್ಲಿಲ್ಲ."

ಅಲ್ಲಿಂದ ಮುಂದೆ ಕೇಳಬೇಕಾಗಿ ಬರಲಿಲ್ಲ. ಐದು ಗಂಟೆಗೆ ಹೊರಡುವ ಮೊದಲೇ ಹುಡುಗಿ ಅವಳಿಗೆ ವಿಷಯ ಹೇಳಿದ್ದಳು. ದೊಡ್ಡಕ್ಕ ಸರಿ ಎಂದು ಗೇಟಿನಲ್ಲಿ ಸಹಿ ಮಾಡಿ ಬಸ್ಸಿನ ನಿಲ್ದಾಣಕ್ಕೆ ಹೋದಳು. ಬಸ್ಸುಗಳು ಬಂದು ಹೋದವು, ಹತ್ತಲಿಲ್ಲ. ಹಿಂದಿನ ಗೇಟಿನಿಂದ ವಾಪಸು ಬಂದು, ಕಬ್ಬಿಣದ ಮೆಟ್ಟಿಲು ಹತ್ತಿ, ತಾರಸಿಯಿಂದ ಫೋನ್ ಮಾಡಿ ಕರೆದಳು. ಸಂದರ್ಶನ ಮುಗಿಯುವ ತನಕ ಯಾರಿಗೂ ಹೇಳಬೇಡ ಎಂದು ಕೇಳಿಕೊಳ್ಳುವುದಷ್ಟೇ ಅವಳ ಮನಸ್ಸಿನಲ್ಲಿತ್ತಂತೆ. ಹುಡುಗಿ ನಲವತ್ತು ನಿಮಿಷ ಬಿಡುವಿದೆ ಅಕ್ಕಾ ಎನ್ನುತ್ತ ಬಂದು ಎಂದಿನಂತೆ ಮೋಟುಗೋಡೆಯ ಮೇಲೆ ಕೂತಳು.

"ಆಗಲ್ಲ ಅಂದಳಾ?" ಇನ್‌ಸ್ಪೆಕ್ಟರ್ ಕೇಳಿದರು.

"ಬೈದಿದ್ರೆ ಸುಮ್ಮನಿರ್ತಿದ್ದೆ ಸಾರ್. ನೀನು ಮಾಡಿದ್ದು ಮೋಸ ಅಂದಿದ್ರೆ ಜಗಳ ಆಡ್ತಿದ್ದೆ. ಅವಳು ನನ್ನ ಕೈ ಹಿಡ್ಕೊಂಡ್ಲು. ಪರವಾಗಿಲ್ಲ ಅಕ್ಕಾ, ಯಾರಿಗಾದ್ರೂ ಆಗೋ ತಪ್ಪು, ಇಬ್ಬರೂ ಕೂತು ಪ್ರಬಂಧಗಳಿಗೆ ತಿದ್ದುಪಡಿ ಬರೆಯೋಣ, ನಾನಿರ್ತೀನಿ ಅಂದ್ಲು. ಅವಳಿಗೆ ಕೈ ತೊಳೆಯೋದ್ರಿಂದ ಹಿಡಿದು ಕಲಿಸಿದವಳು ನಾನು. ನನ್ನ ಮೇಲೆ ಕನಿಕರ ಪಟ್ಲು. ಹದಿನಾರು ವರ್ಷ ಪರವಾಗಿಲ್ಲ ಅನ್ನೋಷ್ಟು ಸಣ್ಣದಾ?"

ಮುಖ್ಯಪೇದೆ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. ನಾಲ್ಕು ಗಂಟೆಗೆ ಬಂಧನದ ಜ್ಞಾಪನ ಪತ್ರಕ್ಕೆ ದೊಡ್ಡಕ್ಕ ಸಹಿ ಹಾಕಿದಳು. ಯಾರಿಗೆ ತಿಳಿಸಬೇಕು ಎಂದು ಕೇಳಿದ್ದಕ್ಕೆ ಬಹಳ ಹೊತ್ತು ಯೋಚಿಸಿ ತಂಗಿಯ ಹೆಸರು ಹೇಳಿದಳು. ನಂಬರು ಅವಳಿಗೆ ಬಾಯಿಪಾಠ ಇರಲಿಲ್ಲ.

ಹುದ್ದೆಗಾಗಿ ಕೊಂದಳು ಎಂದು ಮರುದಿನದ ಪತ್ರಿಕೆಗಳು ಬರೆದವು. ಇನ್‌ಸ್ಪೆಕ್ಟರ್ ಕೂಡ ಆರೋಪಪಟ್ಟಿಯಲ್ಲಿ ಅದನ್ನೇ ಬರೆಯಬೇಕಾಗುತ್ತದೆ, ನ್ಯಾಯಾಲಯಕ್ಕೆ ಅರ್ಥವಾಗುವ ಕಾರಣ ಅದೊಂದೇ. ಹುದ್ದೆ ಹೋದರೂ ದೊಡ್ಡಕ್ಕ ಬದುಕುತ್ತಿದ್ದಳೇನೋ. ಆದರೆ ಇಷ್ಟು ವರ್ಷ ನೀನು ಸಾಕಿದ್ದು ನಿನ್ನದಲ್ಲ ಎಂಬ ಮಾತನ್ನು ತಾನು ಸಾಕಿದವಳ ಬಾಯಲ್ಲೇ, ಅದೂ ಅಷ್ಟು ಮೆತ್ತಗೆ ಕೇಳುವುದು ಅವಳಿಂದಾಗಲಿಲ್ಲ.

ಬುಧವಾರ ಬೆಳಗ್ಗೆ ಇನ್‌ಸ್ಪೆಕ್ಟರ್ ಮುಖ್ಯಪೇದೆಯನ್ನು ಕರೆದುಕೊಂಡು ಅಂಚೆಯವರ ಮನೆಗೆ ಹೋದರು. ಹಾಗೆ ಹೋಗಬೇಕೆಂದು ಯಾವ ನಿಯಮವೂ ಇರಲಿಲ್ಲ. ಎರಡು ಕೋಣೆಯ ಮನೆ, ಬಾಗಿಲ ಬಳಿ ಚಪ್ಪಲಿಗಳು, ಒಳಗೆ ನೆಂಟರ ಗುಸುಗುಸು. ತಾಯಿ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಇನ್‌ಸ್ಪೆಕ್ಟರ್ ನೋಯುವ ಮಂಡಿಯನ್ನು ಮಡಿಸಿ ಅವರೆದುರು ನೆಲದ ಮೇಲೆ ಕೂತರು.

"ಅಮ್ಮಾ, ನಿಮ್ಮ ಮಗಳು ತಾನಾಗಿ ಸತ್ತಿದ್ದಲ್ಲ. ತಳ್ಳಿದವಳು ಸಿಕ್ಕಿದಾಳೆ. ನೀವು ಫೋನಲ್ಲಿ ಆಡಿದ ಮಾತಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ."

ತಾಯಿ ಅವರ ಮುಖವನ್ನೇ ನೋಡಿದರು. ಬಾಗಿಲಲ್ಲಿ ನಿಂತ ಅಪ್ಪ ಚೌಕಟ್ಟು ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತರು. ತಾಯಿ ಕೇಳಿದರು.

"ಯಾಕೆ ತಳ್ಳಿದ್ಲು?"

ಇನ್‌ಸ್ಪೆಕ್ಟರ್ ಹೇಳಿದರು. ಕೋಶಗಳ ಕತೆಯನ್ನು ಆದಷ್ಟು ಸರಳ ಮಾಡಿ, ಕಾಗೆ ಕೋಗಿಲೆಯ ಮಾತು ಸೇರಿಸಿ, ಹುಡುಗಿಯ ತಪ್ಪು ಕಡ್ಡಿಯಷ್ಟೂ ಇಲ್ಲವೆಂದು ಒತ್ತಿ ಹೇಳಿದರು. ತಾಯಿ ಗಮನವಿಟ್ಟು ಕೇಳಿದರು.

"ದೊಡ್ಡ ಪ್ರೊಫೆಸರಿಗೇ ನೇರ ಹೇಳ್ಬಹುದಿತ್ತಲ್ಲ. ಆಕೆಗೆ ಯಾಕೆ ಮೊದ್ಲು ಹೇಳೋಕೆ ಹೋದ್ಲು ಪುಟ್ಟಿ?"

"ಗೌರವ ಅಮ್ಮಾ. ಬೇರೆಯವರಿಂದ ಕೇಳಿ ಆಕೆಗೆ ಅವಮಾನ ಆಗೋದು ಬೇಡ ಅಂತ."

ತಾಯಿ ಮಡಿಲ ಮೇಲಿನ ಸೆರಗನ್ನು ಮಡಿಸಿದರು, ಬಿಡಿಸಿದರು.

"ಎರಡನೇ ಕ್ಲಾಸಲ್ಲಿದ್ದಾಗ ಒಂದಿನ ಪಕ್ಕದ ಮನೆ ಹುಡುಗಿ ಮೇಲೆ ಚಾಡಿ ಹೇಳೋಕೆ ಓಡಿ ಬಂದ್ಲು. ನಾನು ಒಳಗೇ ಬಿಟ್ಕೊಳ್ಳಲಿಲ್ಲ. ಯಾರ ತಪ್ಪಾದ್ರೂ ಸರಿ, ಮೊದ್ಲು ಅವರ ಮುಖಕ್ಕೆ ಹೇಳು, ಆಮೇಲೆ ದೊಡ್ಡವರ ಹತ್ರ ಬಾ ಅಂತ ಬಾಗಿಲಿಂದಲೇ ವಾಪಸ್ ಕಳಿಸ್ದೆ. ಅವತ್ತಿಂದ ಹಾಗೇ ಮಾಡ್ತಿದ್ಲು." ಅವರ ದನಿ ಬಹಳ ತಗ್ಗಿತ್ತು. "ಆ ಬುದ್ಧಿ ಕಲಿಸಿದ್ದೂ ನಾನೇ ಸಾರ್."

"ಒಳ್ಳೇ ಬುದ್ಧೀನೇ ಕಲಿಸಿದ್ರಿ ಅಮ್ಮಾ," ಎಂದರು ಇನ್‌ಸ್ಪೆಕ್ಟರ್.

ಅದು ನಿಜವೇ ಆಗಿತ್ತು. ಅದರಿಂದ ತಾಯಿಗೆ ಏನೂ ಉಪಯೋಗವಾಗಲಿಲ್ಲ.